ಮಿದುಳಿಲ್ಲದ ಬ್ಯಾಕ್ಟೀರಿಯಾಗೆ ಬೀಜಕ ಕಟ್ಟುವ ಹೊತ್ತು ಹೇಗೆ ಗೊತ್ತಾಗುತ್ತದೆ?

ಯಾವಾಗ ಬೆಳೆಯಬೇಕು, ಯಾವಾಗ ಬೀಜಕ (ಬೀಜದ ಹಾಗೆ ಹರಡಿ ಮುಂದೆ ಮೊಳೆಯುವ ಪುಟ್ಟ ಕಣ, ಸ್ಪೋರ್) ಕಟ್ಟಬೇಕು ಅಂತ ಬ್ಯಾಕ್ಟೀರಿಯಾಗೆ ಯಾರು ಹೇಳುತ್ತಾರೆ ಅಂತ ಕೇಳಿದ್ದೀರಿ. ನಾನು ಲ್ಯಾಬಿನಲ್ಲಿ ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಬೆಳೆಸಿದವಳು. ಅದರ ಕಥೆಯನ್ನೇ ಹೇಳುತ್ತೇನೆ.

ಇದು ನಿಮಗೂ ಪರಿಚಯದ್ದೇ. ಮೊದಲ ಮಳೆಗೆ ಮಣ್ಣು ಘಮ್ಮೆನ್ನುತ್ತದಲ್ವಾ, ಆ ವಾಸನೆಯ ಜಿಯೋಸ್ಮಿನ್ ಮಾಡುವುದರಲ್ಲಿ ಇದರ ಪಾಲು ದೊಡ್ಡದು. ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಗೆ ಹಾಕಿದರೆ ಬೂಷ್ಟಿನ ಹಾಗೆ ಎಳೆ ಎಳೆಯಾಗಿ ಒಳಗೆ ಇಳಿಯುತ್ತದೆ. ಮೇಲ್ಭಾಗ ಬೋಳು, ನುಣುಪು. ಕೆಲವು ದಿನ ಬಿಟ್ಟು ನೋಡಿದರೆ ಸುಣ್ಣದ ಪುಡಿ ಉದುರಿಸಿದಂತೆ ಬೆಳ್ಳಗಾಗಿರುತ್ತದೆ. ಅವು ಗಾಳಿಗೆ ಎದ್ದುನಿಂತ ಎಳೆಗಳು. ಅವೇ ಮುಂದೆ ತುಂಡಾಗಿ ಬೀಜಕಗಳಾಗುತ್ತವೆ.

ಸ್ಟ್ರೆಪ್ಟೊಮೈಸಿಸ್ ಗ್ರೈಸಿಯಸ್ ಎಂಬ ಜಾತಿಯಲ್ಲಿ ಹೀಗೆ ಎದ್ದೇಳಲು ಸೂಚನೆ ಕೊಡುವುದು 'ಎ-ಫ್ಯಾಕ್ಟರ್' ಎಂಬ ಪುಟ್ಟ ಅಣು. 1967ರಲ್ಲಿ ಸೋವಿಯತ್ ವಿಜ್ಞಾನಿ ಖೊಖ್ಲೋವ್ ಮತ್ತು ಸಂಗಡಿಗರು ಇದನ್ನು ವರದಿ ಮಾಡಿದರು. ಇದನ್ನು ತಯಾರಿಸಲು ಬಾರದ ತಳಿ ಬೋಳಾಗಿಯೇ ಉಳಿಯುತ್ತದೆ. ಆದರೆ ಅದರ ಪಕ್ಕದಲ್ಲಿ ಚೆನ್ನಾಗಿರುವ ತಳಿಯನ್ನು ಗೆರೆ ಎಳೆದಂತೆ ಹಚ್ಚಿ ನೋಡಿ. ಆ ಕಡೆಗಿರುವ ಅಂಚು ಮಾತ್ರ ಬೆಳ್ಳಗಾಗುತ್ತದೆ! ಅಗಾರ್ ಮೂಲಕ ಹರಿದು ಬಂದ ಅಣು ಮಾಡಿದ ಕೆಲಸ ಅದು.

ಒಳಗೆ ನಡೆಯುವುದು ಇಷ್ಟು. ಎಆರ್‌ಪಿಎ ಎಂಬ ಪ್ರೋಟೀನು ಒಂದು ಮುಖ್ಯ ಜೀನನ್ನು ಅದುಮಿ ಹಿಡಿದಿರುತ್ತದೆ. ಬೆಳೆ ದಟ್ಟವಾದಂತೆ ಎ-ಫ್ಯಾಕ್ಟರ್ ಜಾಸ್ತಿಯಾಗುತ್ತದೆ, ಆ ಪ್ರೋಟೀನಿಗೆ ಅಂಟುತ್ತದೆ, ಹಿಡಿತ ಬಿಡಿಸುತ್ತದೆ. ಆಗ ಎಳೆಗಳು ಮೇಲೇಳುತ್ತವೆ, ಜೊತೆಗೆ ಸ್ಟ್ರೆಪ್ಟೊಮೈಸಿನ್ ತಯಾರಿಯೂ ಶುರುವಾಗುತ್ತದೆ. ಹೌದು, 1943ರಲ್ಲಿ ಸಿಕ್ಕ, ಕ್ಷಯಕ್ಕೆ ಕೊಡುವ ಅದೇ ಔಷಧ. ಎರಡೂ ಒಟ್ಟಿಗೆ ಯಾಕೆ? ಹೊಸ ಎಳೆಗಳಿಗೆ ಊಟ ಒದಗಿಸಲು ಹಳೆಯ ಎಳೆಗಳು ಕರಗುತ್ತವೆ. ಆ ಹೊತ್ತಿಗೆ ನೆರೆಯ ಬ್ಯಾಕ್ಟೀರಿಯಾಗಳು ಬಂದು ಅದನ್ನು ತಿಂದುಹಾಕದಂತೆ ಕಾವಲು ಬೇಕು. ನನಗೆ ಈ ವಿವರಣೆಯೇ ಸರಿ ಅನಿಸುತ್ತದೆ.

ಇನ್ನೊಂದು ಅಣು ಜೀವಕೋಶದ ಒಳಗೇ ಇರುತ್ತದೆ, ಸೈಕ್ಲಿಕ್-ಡೈ-ಜಿಎಂಪಿ ಅಂತ. ಅದು ಹೇರಳವಾಗಿದ್ದಾಗ ನಾಲ್ಕು ಅಣುಗಳು ಸೇರಿ ಬಿಎಲ್‌ಡಿಡಿ ಎಂಬ ಪ್ರೋಟೀನಿನ ಎರಡು ಪ್ರತಿಗಳನ್ನು ಜೋಡಿಸುತ್ತವೆ. ಆ ಜೋಡಿ ಬೀಜಕದ ಜೀನುಗಳನ್ನು ತಡೆದಿಡುತ್ತದೆ. ಸ್ಟ್ರೆಪ್ಟೊಮೈಸಿಸ್ ವೆನೆಜುಯೆಲೆಯಲ್ಲಿ ಈ ಅಣುವಿನ ಮಟ್ಟವನ್ನು ಬೇಕೆಂದೇ ಇಳಿಸಿದರೆ, ಅದು ಗಾಳಿಗೆ ಎದ್ದುನಿಲ್ಲುವ ಗೋಜಿಗೇ ಹೋಗದೆ, ಇದ್ದಲ್ಲೇ ಅವಸರವಾಗಿ ಬೀಜಕ ಕಟ್ಟಿಬಿಡುತ್ತದೆ.