ಹೊಸ ಟರ್ಬೊ ಕೊಳ್ಳುವ ಮೊದಲು ಹಳೆಯದರ ಪಂಚನಾಮೆ ಆಗಲಿ

ಪ್ರಶ್ನೆ: ನನ್ನದು ಒಂದು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರು. ಕಳೆದ ವರ್ಷ ಇಸಿಯು (ಎಂಜಿನ್ನಿನ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿ, ಎಂದರೆ ಹೆಚ್ಚು ಶಕ್ತಿಗಾಗಿ ಅದರ ಪ್ರೋಗ್ರಾಂ ತಿದ್ದಿಸಿ, ಟರ್ಬೊದಿಂದ ಹೊಗೆ ಒಯ್ಯುವ ದೊಡ್ಡ ಡೌನ್‌ಪೈಪ್ ಮತ್ತು ಓಪನ್ ಏರ್ ಫಿಲ್ಟರ್ ಹಾಕಿಸಿದೆ. ಮಳೆಗಾಲವಿಡೀ ಕಾರು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ಮೊನ್ನೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇ ಇದ್ದಾಗ ಒಯ್ದಿದ್ದೆ. ಎರಡನೇ ಸೆಷನ್ನಿನಲ್ಲಿ ಬಾನೆಟ್ ಒಳಗೆ ಸುಯ್ ಎಂಬ ಸದ್ದು ಬಂದು ಪಿಕಪ್ ಸ್ವಲ್ಪ ಇಳಿಯಿತು. ಸಂಜೆ ನೋಡಿದರಾಯಿತೆಂದು ಬಿಟ್ಟೆ. ಮೂರನೆಯದರಲ್ಲಿ ಸೈರನ್ನಿನಂಥ ಕೂಗು, ಹಿಂದೆ ನೀಲಿ ಹೊಗೆ, ಎಳೆತವೇ ಇಲ್ಲ. ಗಾಡಿಯನ್ನು ಲಾರಿಯ ಮೇಲೆ ಹೇರಿಕೊಂಡು ಶಿರಸಿಗೆ ತಂದಿದ್ದೇನೆ. ಶೋರೂಮಿನವರು ಹೇಳಿದ ಹೊಸ ಟರ್ಬೊ ದರ ಕೇಳಿದರೆ ಎರಡು ಕ್ವಿಂಟಲ್ ಅಡಿಕೆ ಕಣ್ಣ ಮುಂದೆ ಬರುತ್ತದೆ. ರಿಕಂಡಿಷನ್ ಮಾಡಿದ್ದು ಅರ್ಧ ಬೆಲೆಗೆ ಸಿಗುತ್ತದಂತೆ. ಗೆಳೆಯರು, ಹೇಗೂ ಹಾಕುವುದಾದರೆ ದೊಡ್ಡದನ್ನೇ ಹಾಕು ಎನ್ನುತ್ತಾರೆ. ಯಾವುದು ಸರಿ? ಅಲ್ಲಿಯವರೆಗೆ ನಿಧಾನವಾಗಿ ಓಡಿಸಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ: ಬೇಡ. ನಿಧಾನವಾಗಿಯೂ ಬೇಡ, ಪೇಟೆಯ ಗ್ಯಾರೇಜಿನವರೆಗೂ ಬೇಡ. ಶೆಡ್ಡಿನಿಂದ ಅಂಗಳಕ್ಕೆ ತರಬೇಕಿದ್ದರೂ ಕೀ ತಿರುಗಿಸದೆ ತಳ್ಳಿಕೊಂಡು ಬನ್ನಿ. ಟರ್ಬೊ ಎಂದರೆ ಒಂದೇ ಶಾಫ್ಟಿನ ಎರಡು ತುದಿಗೆ ಎರಡು ಫ್ಯಾನು: ಎಂಜಿನ್ನಿನ ಹೊಗೆ ಒಂದನ್ನು (ಟರ್ಬೈನ್) ತಿರುಗಿಸುತ್ತದೆ, ಗಾಳಿ ಬದಿಯ ಇನ್ನೊಂದು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ನೀಲಿ ಹೊಗೆ ಬಂತೆಂದರೆ ಎಂಜಿನ್ ಆಯಿಲ್ ಟರ್ಬೊದ ಸೀಲು ದಾಟಿ ಉರಿಯುತ್ತಿದೆ ಎಂದರ್ಥ. ಗಾಳಿ ಬದಿಯ ಫ್ಯಾನಿನ ಎಲೆ ಮುರಿದಿದ್ದರೆ ಅದರ ಅಲ್ಯೂಮಿನಿಯಂ ಚೂರುಗಳು ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಲ್ಲಿ ಕುಳಿತಿರುತ್ತವೆ. ಎಂಜಿನ್ ಇನ್ನೊಮ್ಮೆ ಜೋರಾಗಿ ಗಾಳಿ ಎಳೆದರೆ ಅವು ಸಿಲಿಂಡರಿಗೆ ಹೋಗಿ ಅದರ ಒಳಗೋಡೆಯನ್ನು ಗೀಚುತ್ತವೆ. ಸದ್ಯಕ್ಕೆ ಹೋಗಿರುವುದು ಟರ್ಬೊ ಮಾತ್ರ ಎಂದು ನಂಬಲು ಅವಕಾಶವಿದೆ. ಆ ಅವಕಾಶವನ್ನು ಕೈಯಾರೆ ಕಳೆದುಕೊಳ್ಳಬೇಡಿ.

ಯಾವ ಟರ್ಬೊ ಎಂಬ ಮಾತಿಗೆ ಆಮೇಲೆ ಬರುತ್ತೇನೆ. ನಾನು ಕೆಲಸ ಕಲಿತದ್ದು ಕಾರವಾರದ ಬೈತಖೋಲ ಬಂದರಿನಲ್ಲಿ, ಮೀನುಗಾರಿಕೆ ಬೋಟುಗಳ ಡೀಸೆಲ್ ಎಂಜಿನ್ನುಗಳ ಮೇಲೆ. ಅಲ್ಲಿ ನನಗೆ ಕಲಿಸಿದ ಮೇಸ್ತ್ರಿಯವರು ಟರ್ಬೊ ಬಿಚ್ಚಿದ ಕೂಡಲೇ ಹೊಸದನ್ನು ಕೈಗೆ ಕೊಡುತ್ತಿರಲಿಲ್ಲ. ಹಳೆಯದನ್ನು ಹಲಗೆಯ ಮೇಲಿಟ್ಟು, ‘ಇದನ್ನು ಕೊಂದದ್ದು ಯಾರು, ಅದನ್ನು ಮೊದಲು ಹೇಳು’ ಎನ್ನುತ್ತಿದ್ದರು. ಕಾರಣ ಹುಡುಕದೆ ಹೊಸದು ಹಾಕಿ ಕಳಿಸಿದ ಬೋಟು ಸಮುದ್ರದ ನಡುವೆ ಮತ್ತೆ ನಿಂತರೆ ಎಳೆದು ತರಲು ಇನ್ನೊಂದು ಬೋಟಿನ ಡೀಸೆಲ್ ಸುಡಬೇಕಿತ್ತು. ನಿಮ್ಮ ಲೆಕ್ಕದಲ್ಲಿ ಅದು ಇನ್ನೆರಡು ಕ್ವಿಂಟಲ್ ಅಡಿಕೆ.

ಗಾಡಿ ನೋಡದೆಯೇ ಹೇಳುತ್ತಿದ್ದೇನೆ, ಆದರೂ ನನ್ನ ಮೊದಲ ಅನುಮಾನ ನೀವು ಸಂಜೆಗೆಂದು ಮುಂದೂಡಿದ ಆ ‘ಸುಯ್’ ಸದ್ದಿನ ಮೇಲೆ. ಅದು ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿ ದಾರಿಯಲ್ಲಿ ಸೋರುವ ಸದ್ದು. ರಬ್ಬರ್ ಹೋಸು ಸೀಳಿರಬೇಕು ಅಥವಾ ಕ್ಲ್ಯಾಂಪು ಜಾರಿರಬೇಕು. ಸೋರಿಕೆಯಿಂದ ಟರ್ಬೊ ಹೇಗೆ ಸಾಯುತ್ತದೆ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಕೆರೆಗೆ ಕೋಡಿ ಇದ್ದಂತೆ ಟರ್ಬೊಗೆ ವೇಸ್ಟ್‌ಗೇಟ್. ಒತ್ತಡ ಸಾಕಾದ ಮೇಲೆ ಹೆಚ್ಚಿನ ಹೊಗೆ ಅದರ ಮೂಲಕ ಬದಿಯಿಂದ ಹೊರಟುಹೋಗುತ್ತದೆ. ಹೋಸು ಸೋರುತ್ತಿದೆ ಎಂದು ಇಸಿಯುಗೆ ಕಾಣುವುದಿಲ್ಲ, ಕೇಳಿದಷ್ಟು ಒತ್ತಡ ಬರುತ್ತಿಲ್ಲ ಎಂದಷ್ಟೇ ಕಾಣುತ್ತದೆ. ಆಗ ಅದು ಕೋಡಿಯನ್ನು ಮುಚ್ಚಿ ಹೊಗೆಯನ್ನೆಲ್ಲ ಟರ್ಬೈನಿನ ಮೇಲೆಯೇ ನುಗ್ಗಿಸುತ್ತದೆ. ಫ್ಯಾನು ಇನ್ನೂ ಜೋರಾಗಿ ತಿರುಗುತ್ತದೆ, ತುಂಬಿದ ಗಾಳಿ ಇನ್ನೂ ಸೋರುತ್ತದೆ, ಇಸಿಯು ಇನ್ನೂ ಕೇಳುತ್ತದೆ.

ಇಷ್ಟು ಸಣ್ಣ ಟರ್ಬೊಗಳ ಶಾಫ್ಟು ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವಂಥದ್ದು. 4 ಸೆಂ.ಮೀ. ಅಗಲದ ಫ್ಯಾನು ಆ ವೇಗದಲ್ಲಿದ್ದರೆ ಅದರ ಅಂಚು ಸೆಕೆಂಡಿಗೆ 400 ಮೀಟರಿಗಿಂತ ಹೆಚ್ಚು ಓಡುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸುಮಾರು 340. ಕಂಪನಿ ಹಾಕಿದ ಮಿತಿಯ ಹತ್ತಿರವೇ ಕುಣಿಯುತ್ತಿದ್ದ ಶಾಫ್ಟನ್ನು ನಿಮ್ಮ ರೀಮ್ಯಾಪ್ ಮೊದಲೇ ಮೇಲಕ್ಕೆ ತಳ್ಳಿತ್ತು. ಉಳಿದದ್ದನ್ನು ಸೋರಿಕೆ ತಳ್ಳಿದೆ. ಶಾಫ್ಟು ತೇಲುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರದ ಮೇಲೆ. ಅದು ಹರಿದರೆ ಫ್ಯಾನು ಗೋಡೆಗೆ ತಾಗುತ್ತದೆ, ನೀವು ಕೇಳಿದ ಸೈರನ್ ಅದೇ.

ಅನುಮಾನವನ್ನು ಸಾಬೀತು ಮಾಡುವುದು ಕಷ್ಟವಲ್ಲ. ಬಿಚ್ಚಿದ ಟರ್ಬೊವನ್ನು ಗುಜರಿಗೆ ಎಸೆಯದೆ ಬೆಳಕಿನಲ್ಲಿ ಹಿಡಿದು ನೋಡಲು ನಿಮ್ಮ ಮೆಕ್ಯಾನಿಕ್ಕಿಗೆ ಹೇಳಿ. ಗಾಳಿ ಬದಿಯ ಫ್ಯಾನಿನ ಬೆನ್ನು ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದ್ದರೆ ಅದು ಅತಿವೇಗದ ಗುರುತು. ಶಾಫ್ಟು ನೀಲಿಗಟ್ಟಿದ್ದರೆ ಆಯಿಲ್ ತಲುಪದೆ ಬೆಂದಿದೆ. ಶಾಫ್ಟಿನ ಸುತ್ತ ಉಂಗುರದಂತೆ ಗೀರುಗಳಿದ್ದರೆ ಆಯಿಲ್ ಹೊಲಸಾಗಿತ್ತು. ಗಾಳಿ ಬದಿಯ ಎಲೆಗಳ ಮುಂದಂಚು ಇಲಿ ಕಡಿದಂತಿದ್ದರೆ ಹೊರಗಿನಿಂದ ಏನೋ ಒಳಹೊಕ್ಕಿದೆ. ಹೊಗೆ ಬದಿಯ ಎಲೆಗಳೂ ಹಾಗೆಯೇ ಇದ್ದರೆ ವಿಷಯ ಗಂಭೀರ, ಎಂಜಿನ್ನಿನೊಳಗಿನಿಂದಲೇ ಚೂರು ಬಂದಿದೆ. ಆಗ ಟರ್ಬೊ ಮಾತನ್ನು ಬದಿಗಿಟ್ಟು ಸ್ಪಾರ್ಕ್ ಪ್ಲಗ್ ಮತ್ತು ವಾಲ್ವುಗಳನ್ನು ನೋಡಬೇಕು.

ಇಲಿ ಎಂದದ್ದು ಬರಿಯ ಹೋಲಿಕೆಗಲ್ಲ. ಘಟ್ಟದ ಮೇಲಿನ ಮನೆಯೊಂದರ ಕಾರಿನ ಫಿಲ್ಟರ್ ಪೆಟ್ಟಿಗೆಯಿಂದ ನಾನು ಒಂದು ಬೊಗಸೆ ಅಡಿಕೆ ಸಿಪ್ಪೆ ತೆಗೆದಿದ್ದೇನೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಸಿಕ್ಕಿತೆಂದು ಇಲಿ ಕಾಗದದ ಫಿಲ್ಟರನ್ನು ಕೊರೆದು ಸಂಸಾರ ಹೂಡಿತ್ತು. ನಿಮ್ಮ ಗಾಡಿಯೂ ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಂತಿದ್ದರಿಂದ ಫಿಲ್ಟರಿನ ಹಿಂದಿನ ಪೈಪಿನೊಳಗೆ ಟಾರ್ಚ್ ಬಿಟ್ಟು ನೋಡಿ. ನಿಂತ ಗಾಡಿಯ ಆಯಿಲ್ ತೇವವನ್ನೂ ಹಿಡಿದಿರುತ್ತದೆ. ಕೊಯಮತ್ತೂರಿಗೆ ಹೊರಡುವ ಮುನ್ನ ಆಯಿಲ್ ಬದಲಿಸಿದ ಮಾತು ನಿಮ್ಮ ಪತ್ರದಲ್ಲಿಲ್ಲ. ಬದಲಿಸಿಲ್ಲ ಎಂದೇ ಭಾವಿಸುತ್ತೇನೆ.

ಇನ್ನೊಬ್ಬ ಆರೋಪಿಯೂ ಇದ್ದಾನೆ. ಡೌನ್‌ಪೈಪ್ ಹಾಕುವಾಗ ಟರ್ಬೊವನ್ನೂ ಬಿಚ್ಚಿದ್ದರೇ, ಹಾಕಿದವರನ್ನು ಕೇಳಿ. ಕೆಲವರು ಆಯಿಲ್ ಪೈಪಿನ ಗ್ಯಾಸ್ಕೆಟ್ಟಿಗೆ ಸಿಲಿಕಾನ್ ಅಂಟು ಬಳಿಯುತ್ತಾರೆ. ಬಿಗಿ ಮಾಡಿದಾಗ ಹೊರಬಂದ ಅಂಟು ಎಲ್ಲರಿಗೂ ಕಾಣುತ್ತದೆ, ಒಳಹೋದದ್ದು ಯಾರಿಗೂ ಕಾಣುವುದಿಲ್ಲ. ಆಯಿಲ್ ಹಾಯುವ ಸಣ್ಣ ರಂಧ್ರ ಮುಚ್ಚಲು ಕಡಲೆಕಾಳಿನಷ್ಟು ಅಂಟು ಸಾಕು. ಟರ್ಬೊದ ಆಯಿಲ್ ಜೋಡಣೆಗಳ ಹತ್ತಿರ ಆ ಟ್ಯೂಬನ್ನು ತರಲೇಬಾರದು.

ಈಗ ಹೊಸದನ್ನು ಕೂರಿಸುವ ಮಾತು. ಇಂಟರ್‌ಕೂಲರನ್ನು ಬಿಚ್ಚಿ ಪೂರ್ತಿ ತೊಳೆಯಿರಿ. ಲೋಹದ ಚೂರು ಕಂಡರೆ ಹೊಸದನ್ನೇ ಹಾಕಿ, ಆ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಂಡ ಚೂರು ತೊಳೆದರೆ ಹೋಗುತ್ತದೆಂದು ಪ್ರಮಾಣ ಮಾಡಿ ಹೇಳುವವರಿಲ್ಲ. ಅದರಲ್ಲಿ ಆಯಿಲ್ ಉಳಿದರೂ ತೊಂದರೆಯೇ: ಗಾಳಿಯೊಡನೆ ಸಿಲಿಂಡರಿಗೆ ಹೋಗಿ ಪೆಟ್ರೋಲಿನ ಆಕ್ಟೇನ್ ಇಳಿಸುತ್ತದೆ, ರೀಮ್ಯಾಪ್ ಆದ ಎಂಜಿನ್ನಿನಲ್ಲಿ ಇಂಧನ ಹದ ತಪ್ಪಿ ತಾನಾಗಿ ಸಿಡಿದು ನಾಕ್ ಆಗತೊಡಗುತ್ತದೆ. ಟರ್ಬೊಗೆ ಆಯಿಲ್ ತರುವ ಪೈಪನ್ನು ತೊಳೆದು ಮತ್ತೆ ಹಾಕಬೇಡಿ, ಹೊಸದು ಕೊಳ್ಳಿ. ಬಿಸಿ ಮ್ಯಾನಿಫೋಲ್ಡಿನ ಪಕ್ಕದಲ್ಲೇ ಹಾಯುವುದರಿಂದ ಅದರೊಳಗೆ ಆಯಿಲ್ ಇದ್ದಿಲಾಗಿ ಕಟ್ಟಿರುತ್ತದೆ. ಆಯಿಲ್ ವಾಪಸು ಹೋಗುವ ಪೈಪು ಎಲ್ಲೂ ಮಡಚದೆ ಕೆಳಗಿಳಿದಿರಬೇಕು, ಅಲ್ಲಿ ಆಯಿಲ್ ಹರಿಯುವುದು ತನ್ನ ಭಾರದಿಂದ ಮಾತ್ರ. ಜೋಡಿಸುವಾಗ ಟರ್ಬೊದ ಆಯಿಲ್ ರಂಧ್ರದಲ್ಲಿ ಹೊಸ ಆಯಿಲ್ ಸುರಿದು ಫ್ಯಾನನ್ನು ಬೆರಳಿನಿಂದ ತಿರುಗಿಸಿ. ಆಮೇಲೆ ಇಂಧನ ಪಂಪಿನ ಫ್ಯೂಸ್ ಕಿತ್ತು, ಆಯಿಲ್ ಒತ್ತಡ ಬರುವವರೆಗೆ ಸ್ಟಾರ್ಟರನ್ನು ಬಿಟ್ಟು ಬಿಟ್ಟು ತಿರುಗಿಸಿ. ಚಾಲೂ ಆದ ಮೇಲೆ ಕೆಲವು ನಿಮಿಷ ಐಡಲಿನಲ್ಲೇ ಇರಲಿ. ಇದೇ ಹೊತ್ತಿಗೆ ಯಾರಾದರೂ ‘ಸದ್ದು ಕೇಳೋಣ’ ಎಂದು ಆಕ್ಸಿಲರೇಟರ್ ತುಳಿಯುತ್ತಾರೆ, ಅವರನ್ನು ಚಹಾ ತರಲು ಕಳಿಸಿ. ಐನೂರು ಕಿ.ಮೀ. ಆದ ಮೇಲೆ ಆಯಿಲ್ ಮತ್ತು ಫಿಲ್ಟರ್ ಮತ್ತೊಮ್ಮೆ ಬದಲಿಸಿ.

ಸೋರಿಕೆ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ಟರ್ಬೊದ ಗಾಳಿ ಬಾಯಿಗೆ ಒಂದು ಮುಚ್ಚಳ ಬಿಗಿದು, ಅದಕ್ಕೊಂದು ಟ್ಯೂಬ್ ವಾಲ್ವ್ ಕೂರಿಸಿ ಸುಮಾರು ಒಂದು ಬಾರ್ ಗಾಳಿ ತುಂಬಿಸಿ, ಪಂಕ್ಚರ್ ಅಂಗಡಿಯವರಂತೆ ಹೋಸುಗಳ ಮೇಲೆ ಸೋಪಿನ ನೀರು ಬಳಿಯಿರಿ. ಗುಳ್ಳೆ ಎದ್ದಲ್ಲಿ ಕೊಲೆಗಾರ.

ಕೊನೆಗೂ ನಿಮ್ಮ ಪ್ರಶ್ನೆ. ನನ್ನ ಮತ ಕಂಪನಿಯ ಮೂಲ ಅಳತೆಯ ಹೊಸ ಟರ್ಬೊಗೆ. ರಿಕಂಡಿಷನ್ ಕೆಟ್ಟದ್ದೇನಲ್ಲ, ಆದರೆ ಒಳಗಿನ ಭಾಗವನ್ನು ಹೆಚ್ಚು ವೇಗದ ಯಂತ್ರದಲ್ಲಿ ಬ್ಯಾಲೆನ್ಸ್ ಮಾಡಿದ ಮುದ್ರಿತ ವರದಿ ಕೇಳಿ. ‘ವರದಿ ಎಲ್ಲ ಯಾಕೆ, ನಮ್ಮ ಮೇಲೆ ನಂಬಿಕೆ ಇಲ್ಲವೇ’ ಎಂಬ ಉತ್ತರ ಬಂದರೆ ಎದ್ದು ಬನ್ನಿ. ಊರಿನ ಓಡಾಟದ ಗಾಡಿಗಾದರೆ ನಾನೂ ಅದನ್ನೇ ಹಾಕಿಸುತ್ತಿದ್ದೆ, ಟ್ರ್ಯಾಕಿನ ಗಾಡಿಗೆ ಧೈರ್ಯವಿಲ್ಲ. ದೊಡ್ಡ ಟರ್ಬೊ ಎಂದರೆ ಅದೊಂದರಿಂದ ಮುಗಿಯುವುದಿಲ್ಲ: ಇಂಜೆಕ್ಟರ್, ಇಂಧನ ಪಂಪ್, ಕ್ಲಚ್, ಹೊಸ ಮ್ಯಾಪ್ ಎಂದು ಪಟ್ಟಿ ಮದುವೆ ಮನೆಯ ಜಿನಸಿನಂತೆ ಬೆಳೆಯುತ್ತದೆ. ಈಗಿನ ಮ್ಯಾಪನ್ನೇ ತಿದ್ದಿಸುವುದು ಅದಕ್ಕಿಂತ ಅಗ್ಗ. ರಸ್ತೆಗೆಂದು ಬರೆದ ಮ್ಯಾಪು ಘಟ್ಟದಲ್ಲಿ ಒಂದು ಓವರ್‌ಟೇಕಿಗೆ ಕೆಲವು ಸೆಕೆಂಡು ಪೂರ್ಣ ಒತ್ತಡ ಕೊಟ್ಟು ಸುಮ್ಮನಾಗುತ್ತದೆ, ಟ್ರ್ಯಾಕಿನಲ್ಲಿ ಎಂಜಿನ್ ಇಡೀ ಸೆಷನ್ 5,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮೇಲೆಯೇ ಇರುತ್ತದೆ. ಸಣ್ಣ ಟರ್ಬೊ ಅಲ್ಲಿ ಏದುಸಿರು ಬಿಡುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಒತ್ತಡವನ್ನು ಹಂತಹಂತವಾಗಿ ಇಳಿಸಲು ಟ್ಯೂನರಿಗೆ ಹೇಳಿ. ಕೇಳಿದ ಒತ್ತಡ, ಬಂದ ಒತ್ತಡ, ವೇಸ್ಟ್‌ಗೇಟಿನ ಸ್ಥಿತಿ, ಮೂರನ್ನೂ ಲಾಗ್ ಮಾಡಿಸಿ ನೋಡಿ. ವೇಸ್ಟ್‌ಗೇಟ್ ಪೂರ್ತಿ ಮುಚ್ಚಿದ್ದರೂ ಒತ್ತಡ ಕಡಿಮೆ ಬಂದರೆ ಸೋರಿಕೆ ಇದೆ, ಅಥವಾ ಮ್ಯಾಪು ಟರ್ಬೊದ ಶಕ್ತಿಗೆ ಮೀರಿ ಕೇಳುತ್ತಿದೆ. ಪ್ರತಿ ಸೆಷನ್ನಿನ ಕೊನೆಯ ಸುತ್ತನ್ನು ಮೇಲಿನ ಗೇರಿನಲ್ಲಿ, ಒತ್ತಡ ಏರಿಸದೆ ಓಡಿಸಿ. ಪಿಟ್ಟಿಗೆ ಬಂದ ಮೇಲೂ ಬಿಸಿ ಟರ್ಬೊ ತಣಿಯಲು ಒಂದೆರಡು ನಿಮಿಷ ಎಂಜಿನ್ ನಡೆಯಲಿ. ಅರಬೈಲ್ ಘಟ್ಟ ಹತ್ತಿ ಬಂದ ಹಳೆಯ ಲಾರಿ ಚಾಲಕರು ಎಂಜಿನ್ ಚಾಲೂ ಬಿಟ್ಟು ಕೆಳಗಿಳಿದು ಟೈರುಗಳನ್ನೆಲ್ಲ ತಟ್ಟಿ ನೋಡಿ, ಆಮೇಲೆ ಆಫ್ ಮಾಡುತ್ತಿದ್ದದ್ದು ಇದಕ್ಕೇ.

ನಿಮಗೆ ಹಿಡಿಸದ ಒಂದು ಮಾತು ಉಳಿದಿದೆ. ವಿಮೆಯ ಆಸೆ ಬಿಡಿ, ರೇಸ್ ಮತ್ತು ವೇಗ ಪರೀಕ್ಷೆಯ ಬಳಕೆ ಸಾಮಾನ್ಯ ವಾಹನ ಪಾಲಿಸಿಯ ಹೊರಗಿರುತ್ತದೆ. ಕಂಪನಿ ಕೊಟ್ಟ ಸ್ವರೂಪವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿ ಓದಿದೆ. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಡೌನ್‌ಪೈಪ್ ಆಗಿದ್ದರೆ ಅದನ್ನು ಟ್ರ್ಯಾಕಿಗೆ ಮೀಸಲಿಟ್ಟು, ಗಾಡಿಯನ್ನು ಅಲ್ಲಿಗೆ ಲಾರಿಯ ಮೇಲೆಯೇ ಕಳಿಸಿ.

ಪ್ರಶ್ನೆ: ಅಣಶಿ ಘಟ್ಟ ಹತ್ತುವಾಗ ನನ್ನ ಹಳೆಯ ಡೀಸೆಲ್ ಕಾರಿನ ಎಂಜಿನ್ ತಾನಾಗಿಯೇ ಭೋರ್ಗರೆಯತೊಡಗಿತು. ಕೀ ತೆಗೆದರೂ ನಿಲ್ಲಲಿಲ್ಲ. ಬಿಳಿ ಹೊಗೆಯಲ್ಲಿ ರಸ್ತೆಯೇ ಮುಚ್ಚಿಹೋಯಿತು. ಮತ್ತೊಮ್ಮೆ ಹೀಗಾದರೆ ಏನು ಮಾಡಬೇಕು?
– ಓದುಗರೊಬ್ಬರು, ಕಾರವಾರ

ಉತ್ತರ: ಟರ್ಬೊ ಸೀಲು ಹೋಗಿ ಎಂಜಿನ್ ತನ್ನದೇ ಆಯಿಲನ್ನು ಕುಡಿದಿದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಕೀ ತೆಗೆದರೆ ನಿಲ್ಲುವುದು ಡೀಸೆಲ್ ಮಾತ್ರ. ಮ್ಯಾನ್ಯುಅಲ್ ಗೇರಿನ ಗಾಡಿಯಾದರೆ ನಿಲ್ಲಿಸಿ, ಬ್ರೇಕನ್ನು ಬಲವಾಗಿ ತುಳಿದು ಹಿಡಿದು, ಎಲ್ಲಕ್ಕಿಂತ ಮೇಲಿನ ಗೇರು ಹಾಕಿ ಕ್ಲಚ್ಚನ್ನು ತಟ್ಟನೆ ಬಿಡಿ. ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಅದಕ್ಕೂ ಬಗ್ಗದಿದ್ದರೆ ಎಲ್ಲರನ್ನೂ ಇಳಿಸಿಕೊಂಡು ದೂರ ಹೋಗಿ. ಗಾಳಿ ಬಾಯಿಯನ್ನು ಕೈಯಿಂದಲೋ ಟವೆಲಿನಿಂದಲೋ ಮುಚ್ಚಲು ಹೋಗಬೇಡಿ, ಎರಡನ್ನೂ ಎಳೆದುಕೊಳ್ಳುತ್ತದೆ. ಒಮ್ಮೆ ಹೀಗೆ ಓಡಿದ ಎಂಜಿನ್ನನ್ನು ಬಿಚ್ಚಿ ನೋಡದೆ ಮತ್ತೆ ಚಾಲೂ ಮಾಡಬೇಡಿ.

ಪ್ರಶ್ನೆ: ಮನೆ ಸಮುದ್ರದ ದಂಡೆಯಲ್ಲಿದೆ. ಮುಂದೆ ಹಾಕಿಸಿದ ದೊಡ್ಡ ಇಂಟರ್‌ಕೂಲರ್ ಒಂದೇ ವರ್ಷದಲ್ಲಿ ಬೆಳ್ಳಗೆ ಪುಡಿಯಾಗುತ್ತಿದೆ.
– ಓದುಗರೊಬ್ಬರು, ಅಂಕೋಲಾ

ಉತ್ತರ: ಉಪ್ಪಿನ ಗಾಳಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತಿದೆ. ವಾರಕ್ಕೊಮ್ಮೆ ಬಾವಿಯ ಸಿಹಿನೀರಿನಲ್ಲಿ ತೊಳೆಯಿರಿ, ಕ್ಲ್ಯಾಂಪುಗಳನ್ನು ಸ್ಟೇನ್‌ಲೆಸ್ ಸ್ಟೀಲಿನವಕ್ಕೆ ಬದಲಿಸಿ. ಸರ್ವಿಸ್ ಸ್ಟೇಷನ್ನಿನ ಜೋರು ಪಂಪು ಮಾತ್ರ ಬೇಡ, ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯೇ ಹಾಯುವುದಿಲ್ಲ. ಹೂಗಿಡಕ್ಕೆ ಹಿಡಿಯುವ ಪೈಪು ಸಾಕು.