ಉಪಗ್ರಹದ ಮಳೆ ಅಂದಾಜನ್ನು ಮಳೆಮಾಪಕದ ಅಳತೆಯೊಂದಿಗೆ ಬೆರೆಸಲು ಕ್ರಿಗಿಂಗ್ (ಸುತ್ತಲಿನ ಅಳತೆಗಳಿಂದ ನಡುವಿನ ಜಾಗಗಳ ಬೆಲೆಯನ್ನು ಅಂದಾಜಿಸುವ ಲೆಕ್ಕ) ಒಳ್ಳೆಯದೋ, ಯಂತ್ರಕಲಿಕೆಯೋ?

ದಿನದ ಮಳೆ ತಾಳೆಯಾಗುತ್ತಿಲ್ಲ, ಹಾಗಾಗಿ ಇನ್ನೂ ಚುರುಕಾದ ವಿಧಾನ ಬೇಕು ಎಂದು ನಾನೂ ನಂಬಿದ್ದೆ. ಆ ನಂಬಿಕೆಯಲ್ಲೇ ಎಂಟು ತಿಂಗಳು ಕಳೆದುಕೊಂಡೆ.

ನನ್ನ ಬಳಿ ನಲವತ್ತು ಮಳೆಮಾಪಕಗಳ ದಿನವಹಿ ಲೆಕ್ಕವಿತ್ತು, ಜೊತೆಗೆ ನಾಸಾದ ಉಪಗ್ರಹ ಮಳೆ ಅಂದಾಜಾದ ಐಮರ್ಜ್‌ನ ದಿನದ ಕಡತಗಳು. ತಿಂಗಳ ಮೊತ್ತ ಚೆನ್ನಾಗಿ ಹೊಂದುತ್ತಿತ್ತು, ದಿನದ್ದು ಮಾತ್ರ ಚೆಲ್ಲಾಪಿಲ್ಲಿ. ಉಪಗ್ರಹವನ್ನೇ ದೂರಿದೆ. ಎರಡಕ್ಕೂ ಸಮಪಾಲು ಕೊಟ್ಟು ಬೆರೆಸಿ ಪ್ರವಾಹದ ಮಾದರಿಗೆ ಹಾಕಿದೆ. ನಿಜಕ್ಕೂ ಹೊಳೆ ಉಕ್ಕಿದ ದಿನ ಮಾದರಿಯಲ್ಲಿ ಅದು ಉಕ್ಕಲೇ ಇಲ್ಲ.

ಕೊನೆಗೆ ಒಂದೇ ಒಂದು ಮಳೆಯನ್ನು ಹಿಡಿದು ಕುಳಿತೆ. 14ರ ಸಂಜೆ ಸುರಿದದ್ದು. ಉಪಗ್ರಹದ ಕಡತದಲ್ಲಿ 14ಕ್ಕೆ 70 ಮಿ.ಮೀ., 15ಕ್ಕೆ ಸೊನ್ನೆ. ಮಾಪಕದ ಪಟ್ಟಿಯಲ್ಲಿ 14ಕ್ಕೆ ಸೊನ್ನೆ, 15ಕ್ಕೆ 90. ಆ ಮಾಪಕಗಳನ್ನು ಓದುತ್ತಿದ್ದುದು ಬೆಳಿಗ್ಗೆ. ಹಿಂದಿನ 24 ಗಂಟೆಯ ನೀರೆಲ್ಲ ಓದಿದ ದಿನದ ತಾರೀಖಿಗೆ ಸೇರುತ್ತಿತ್ತು. ಐಮರ್ಜ್‌ನ ದಿನವಾದರೋ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ. ತಾರೀಖು ಒಂದೇ, ಅದರೊಳಗಿನ ಗಂಟೆಗಳು ಬೇರೆ. ನಾನು ಬೆರೆಸಿದಾಗ ಒಂದು ಬಿರುಮಳೆ 35 ಮತ್ತು 45 ಮಿ.ಮೀ.ನ ಎರಡು ಸಾಧಾರಣ ಮಳೆಗಳಾಗಿ ಸೀಳಿಹೋಗಿತ್ತು! ತಿಂಗಳ ಮೊತ್ತದಲ್ಲಿ ಒಂದು ದಿನದ ಈ ಜರುಗು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅಷ್ಟು ಕಾಲ ಎಲ್ಲ ಸರಿಯಿದೆ ಎಂದು ನನ್ನನ್ನು ನಂಬಿಸಿದ್ದು ಅದೇ.

ಆದ್ದರಿಂದ ಕ್ರಿಗಿಂಗೋ ಯಂತ್ರಕಲಿಕೆಯೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗಡಿಯಾರದ ತಪ್ಪನ್ನು ಕ್ರಿಗಿಂಗ್ ತಿದ್ದಲಾರದು. ಯಂತ್ರಕಲಿಕೆ ಇನ್ನೂ ಅಪಾಯ: ಆ ತಪ್ಪನ್ನೇ ಪಾಠವಾಗಿ ಕಲಿತು ದೊಡ್ಡ ಮಳೆಗಳನ್ನೆಲ್ಲ ಸರಾಸರಿಯತ್ತ ತಗ್ಗಿಸುತ್ತದೆ.

ದಿನದ ಕಡತ ಬಿಡಿ, ಅರ್ಧ ಗಂಟೆಯ ಕಡತಗಳನ್ನು ಇಳಿಸಿಕೊಳ್ಳಿ. ಅವುಗಳಲ್ಲಿರುವುದು ಗಂಟೆಗೆ ಇಷ್ಟು ಮಿ.ಮೀ. ಎಂಬ ದರ, ಅದನ್ನು ಅರ್ಧ ಮಾಡಿ, ಮಾಪಕ ಓದುವ ಹೊತ್ತಿಗೆ ಮುಗಿಯುವಂತೆ 48 ಕಡತಗಳನ್ನು ಕೂಡಿಸಿ. ನಂತರ ಪ್ರತಿ ಮಾಪಕದ ಸರಣಿಯನ್ನೂ ಒಂದು ದಿನ ಹಿಂದೆ, ಒಂದು ದಿನ ಮುಂದೆ ಸರಿಸಿ ಉಪಗ್ರಹದ ಸರಣಿಯೊಂದಿಗೆ ಸಹಸಂಬಂಧ (ಎರಡೂ ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂಬುದು) ನೋಡಿ. ಬೆಳಿಗ್ಗೆ ಓದಿದ್ದನ್ನು ಹಿಂದಿನ ದಿನಕ್ಕೆ ಬರೆಯುವವರೂ ಇದ್ದಾರೆ; ನನ್ನ ನಲವತ್ತರಲ್ಲಿ ಆರು ಹಾಗಿದ್ದವು.

ಇಷ್ಟಾದ ಮೇಲೆ ಮಾಪಕ ಮತ್ತು ಉಪಗ್ರಹದ ನಡುವಿನ ವ್ಯತ್ಯಾಸವನ್ನು ಸರಳ ಕ್ರಿಗಿಂಗ್‌ನಿಂದ ಹರಡಿ, ಉಪಗ್ರಹದ ನಕ್ಷೆಗೆ ಕೂಡಿಸಿದರೆ ಸಾಕು. ಐಮರ್ಜ್‌ನ ಅಂತಿಮ ಆವೃತ್ತಿಯನ್ನು ಮಾತ್ರ ಇದಕ್ಕೆ ಬಳಸಬೇಡಿ. ಅದನ್ನು ಈಗಾಗಲೇ ಮಾಪಕಗಳ ತಿಂಗಳ ಲೆಕ್ಕಕ್ಕೆ ಹೊಂದಿಸಿರುತ್ತಾರೆ. ನೀವು ಪರೀಕ್ಷೆಗೆಂದು ಪಕ್ಕಕ್ಕಿಟ್ಟ ಮಾಪಕವೂ ಅದರೊಳಗೆ ಸೇರಿರಬಹುದು.