ಅಪ್ಪ ಕೇಳಿದ ಬ್ಯಾಲೆನ್ಸ್

"ಅಣ್ಣಾ, ಅಮೆರಿಕಕ್ಕೆ ಬಂದು ತಿಂಗಳಾಯಿತು. ಕ್ರೆಡಿಟ್ ಕಾರ್ಡಿನ ಆ್ಯಪ್‌ನಲ್ಲಿ ಸ್ಟೇಟ್‌ಮೆಂಟ್ ಬ್ಯಾಲೆನ್ಸ್ 430, ಕರೆಂಟ್ ಬ್ಯಾಲೆನ್ಸ್ 615 ಅಂತ ಬರ್ತಿದೆ. ಇದರಲ್ಲಿ ನನ್ನ ದುಡ್ಡು ಯಾವುದು?" ಅಂತ ಕೇಳಿದ್ದೀಯ. ಜೊತೆಗೆ ಜಾಕೆಟ್, ಇನ್ಶೂರೆನ್ಸ್, ಬಾಡಿಗೆ ಮನೆಯ ವಿಚಾರ ಬೇರೆ.

ಜಾಕೆಟ್ ಇಲ್ಲೇ ತಗೋ, ತಂದದ್ದು ಸಾಲುವುದಿಲ್ಲ. ಇನ್ಶೂರೆನ್ಸ್ ವಿಷಯ ಆಫೀಸಿನ ಎಚ್‌ಆರ್ ಹತ್ತಿರ ಕೇಳು, ತಡ ಮಾಡಬೇಡ. ಮನೆ ಕರಾರನ್ನು ಪೂರ್ತಿ ಓದಿ ಸಹಿ ಹಾಕು. ಅಷ್ಟೇ.

ಇನ್ನು ಬ್ಯಾಲೆನ್ಸ್. ಎರಡೂ ನಿನ್ನ ದುಡ್ಡಲ್ಲ ತಮ್ಮಾ. ಎರಡೂ ಸಾಲ.

ನಮಗೆ ಬ್ಯಾಲೆನ್ಸ್ ಅಂದರೆ ಉಳಿದದ್ದು. ಪಾಸ್‌ಬುಕ್ಕಿನ ಬ್ಯಾಲೆನ್ಸ್, ಮೊಬೈಲ್ ಬ್ಯಾಲೆನ್ಸ್, ಅಂಗಡಿಯವನು ವಾಪಸ್ ಕೊಡಬೇಕಾದ ಬ್ಯಾಲೆನ್ಸ್. (ಇಲ್ಲಿ ಅಂಗಡಿಯಲ್ಲಿ ಬ್ಯಾಲೆನ್ಸ್ ಕೇಳಿದರೆ ಮುಖ ನೋಡುತ್ತಾರೆ. ಚೇಂಜ್ ಅನ್ನಬೇಕು.) ಆ ಪದ ಹುಟ್ಟಿದ್ದು ಲ್ಯಾಟಿನ್‌ನಲ್ಲಿ, ಎರಡು ತಟ್ಟೆಯ ತಕ್ಕಡಿ ಅನ್ನುವ ಅರ್ಥದಲ್ಲಿ. ಉಳಿತಾಯದ ಖಾತೆಯಲ್ಲಿ ತೂಕ ನಿನ್ನ ತಟ್ಟೆಯಲ್ಲಿರುತ್ತದೆ, ಕಾರ್ಡಿನಲ್ಲಿ ಬ್ಯಾಂಕಿನವರ ತಟ್ಟೆಯಲ್ಲಿ. ಹಾಗಾಗಿ ಮೈನಸ್ ಕೂಡ ತಿರುಗುಮುರುಗು. ಖಾತೆಯಲ್ಲಿ ಮೈನಸ್ ಬಂದರೆ ನೀನು ಕೊಡಬೇಕು. ಕಾರ್ಡಿನಲ್ಲಿ ಮೈನಸ್ ಬಂದರೆ ಅವರು ನಿನಗೆ ಕೊಡಬೇಕು. ಕಾರ್ಡಿನಲ್ಲಿ ಇನ್ನೂ ಎಷ್ಟು ಖರ್ಚು ಮಾಡಬಹುದು ಅನ್ನುವುದಕ್ಕೆ ಅವೈಲಬಲ್ ಕ್ರೆಡಿಟ್ ಅನ್ನುತ್ತಾರೆ. ಅದೂ ನಿನ್ನ ದುಡ್ಡಲ್ಲ ಬಿಡು.

ನನಗೆ ಇದು ಗೊತ್ತಿರಲಿಲ್ಲ. 2012ರಲ್ಲಿ ಬಂದಾಗ ಸಿಕ್ಕ ಮೊದಲ ಕಾರ್ಡಿನ ಲಿಮಿಟ್ 1,000 ಡಾಲರ್. ಹಾಸಿಗೆ, ಪಾತ್ರೆ, ಮೇಜು ಅಂತ ಅರ್ಧದಷ್ಟು ಖರ್ಚಾಯಿತು. ಬಿಲ್ಲಿನಲ್ಲಿ ನ್ಯೂ ಬ್ಯಾಲೆನ್ಸ್ 510 ಅಂತ ಬಂತು. ಸಾವಿರದಲ್ಲಿ ಇನ್ನೂ 510 ಉಳಿದಿದೆ ಅಂದುಕೊಂಡೆ. ಲೆಕ್ಕ ಹೆಚ್ಚುಕಡಿಮೆ ಸರಿಹೋಗಿತ್ತಲ್ಲ! ಕೆಳಗೆ ಮಿನಿಮಮ್ ಪೇಮೆಂಟ್ 25 ಅಂತಿತ್ತು. ಕಾರ್ಡಿನ ತಿಂಗಳ ಚಾರ್ಜ್ ಇರಬೇಕು ಅಂತ ಕಟ್ಟಿದೆ. ಮುಂದಿನ ತಿಂಗಳು ಬ್ಯಾಲೆನ್ಸ್ 960 ಆಯಿತು. ಬ್ಯಾಂಕಿನವರು ಮೆಚ್ಚಿ ಲಿಮಿಟ್ ಏರಿಸಿದ್ದಾರೆ ಅಂತ ಹಿಗ್ಗಿದೆ. ಔಟ್‌ಸ್ಟ್ಯಾಂಡಿಂಗ್ ಅಂತ ಬೇರೆ ಬರೆದಿದ್ದರು. ಮಾರ್ಕ್ಸ್ ಕಾರ್ಡಿನಲ್ಲಿ ಅದು ಹೊಗಳಿಕೆ, ಅಲ್ವಾ? ಬಿಲ್ಲಿನಲ್ಲಿ ಅದರ ಅರ್ಥ ಬಾಕಿ.

ಬರೀ ಮಿನಿಮಮ್ ಕಟ್ಟುತ್ತಾ ಹೋದರೆ ಸಾಲ ತೀರಲು ಎಷ್ಟು ಕಾಲ ಬೇಕು ಅಂತ ಅದೇ ಬಿಲ್ಲಿನಲ್ಲಿ ಒಂದು ಚೌಕದೊಳಗೆ ಅಚ್ಚಾಗಿತ್ತು. 2009ರ ಕಾರ್ಡ್ ಕಾಯ್ದೆ ಬಂದಮೇಲೆ ಅದನ್ನು ಹಾಕಲೇಬೇಕು. ನಾನು ಓದಲಿಲ್ಲ. ರೂಮ್‌ಮೇಟ್ ಇಲ್ಲಿಗೆ ಬಂದು ಐದು ವರ್ಷವಾಗಿತ್ತು, ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದ. ಅವನನ್ನೂ ಕೇಳಲಿಲ್ಲ. ಬಿ.ಕಾಂ. ಓದಿ, ಬ್ಯಾಲೆನ್ಸ್ ಶೀಟ್ ಬರೆದು ಪಾಸಾದವನು ಬ್ಯಾಲೆನ್ಸ್ ಅಂದರೇನು ಅಂತ ಕೇಳುವುದೇ? ನೀನು ಕೇಳಿದೆಯಲ್ಲ, ನನಗಿಂತ ಜಾಣ.

ಮೂರನೇ ತಿಂಗಳು ಅಂಗಡಿಯ ಕೌಂಟರಿನಲ್ಲಿ ಕಾರ್ಡ್ ನಡೆಯಲಿಲ್ಲ. ಹಿಂದೆ ಸಾಲು ನಿಂತಿತ್ತು. ಸಾಮಾನು ಅಲ್ಲೇ ಬಿಟ್ಟು ಬಂದೆ.

ನಿನ್ನ ವಿಷಯಕ್ಕೆ ಬರೋಣ. ಸ್ಟೇಟ್‌ಮೆಂಟ್ ಬ್ಯಾಲೆನ್ಸ್ ಅಂದರೆ ಆ ತಿಂಗಳ ಬಿಲ್ಲಿನ ಲೆಕ್ಕ ಮುಗಿದ ದಿನದವರೆಗಿನ ಬಾಕಿ. ಕರೆಂಟ್ ಬ್ಯಾಲೆನ್ಸ್‌ನಲ್ಲಿ ಆಮೇಲಿನ ಖರ್ಚೂ ಸೇರಿದೆ. ಡ್ಯೂ ಡೇಟ್ ಒಳಗೆ 430 ಪೂರ್ತಿ ಕಟ್ಟಿದರೆ ಖರೀದಿಗೆ ಬಡ್ಡಿ ಬೀಳುವುದಿಲ್ಲ. ಉಳಿದ 185 ಮುಂದಿನ ಬಿಲ್ಲಿಗೆ. ಬಿಲ್ ಕಳಿಸಿ ಕನಿಷ್ಠ 21 ದಿನ ಕೊಡಬೇಕು ಅಂತ ಕಾನೂನಿದೆ. ಸ್ವಲ್ಪ ಬಾಕಿ ಉಳಿಸಿದರೆ ಕ್ರೆಡಿಟ್ ಸ್ಕೋರ್ ಏರುತ್ತೆ ಅಂತ ಯಾರಾದರೂ ಹೇಳುತ್ತಾರೆ, ಹೇಳೇ ಹೇಳುತ್ತಾರೆ. ಸುಳ್ಳು. ಬಾಕಿ ಉಳಿಸಿದರೆ ಹೊಸ ಖರೀದಿಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ಬಡ್ಡಿ ಶುರು. ಮೂವತ್ತು ದಿನ ಮೀರಿ ತಡವಾದರೆ ಆ ಕಲೆ ಏಳು ವರ್ಷ ನಿನ್ನ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ಸಾಲ ತೀರಿಸಿದ ದಾಖಲೆಯಲ್ಲಿ, ಇರಬಹುದು. ಬ್ಯಾಲೆನ್ಸ್ ಟ್ರಾನ್ಸ್‌ಫರ್ ಅಂತ ಚೆಂದದ ಲಕೋಟೆಗಳೂ ಬರುತ್ತವೆ. ಒಂದು ಕಾರ್ಡಿನ ಸಾಲವನ್ನು ಇನ್ನೊಂದು ಕಾರ್ಡಿಗೆ ದಾಟಿಸುವುದು ಅಷ್ಟೇ, ಅದಕ್ಕೂ ಸಾಮಾನ್ಯವಾಗಿ ಫೀ ಇರುತ್ತೆ. ಸುಮ್ನೆ ಹರಿದು ಹಾಕು.

ನನ್ನ ಸಾಲ ಎಂಟು ತಿಂಗಳಲ್ಲಿ ತೀರಿತು. ಬಡ್ಡಿ ಹೋಗಿದ್ದಕ್ಕೆ ಬೇಜಾರಿಲ್ಲ. ಬೇಜಾರು ಬೇರೆ ಇದೆ.

ಪ್ರತಿ ಭಾನುವಾರ ಫೋನಿನಲ್ಲಿ ಅಪ್ಪ ಕೇಳುತ್ತಿದ್ದರು, "ಬ್ಯಾಲೆನ್ಸ್ ಎಷ್ಟಿದೆಯೋ?" ಆ ಬಿಲ್ ಕೈಯಲ್ಲಿ ಹಿಡಿದು "960 ಡಾಲರ್ ಅಪ್ಪ" ಅಂದೆ. ಅವರು ಅದನ್ನು ರೂಪಾಯಿಗೆ ತಿರುಗಿಸಿ, ಬಂದವರಿಗೆಲ್ಲ ಹೇಳಿದರಂತೆ, ಹೋಗಿ ಎರಡೇ ತಿಂಗಳಿಗೆ ಇಷ್ಟು ಉಳಿಸಿದ್ದಾನೆ ಅಂತ. ಆಗ ನಾನು ಸುಳ್ಳು ಹೇಳಿರಲಿಲ್ಲ, ಗೊತ್ತಿರಲಿಲ್ಲ. ಆದರೆ ಕಾರ್ಡ್ ನಿಂತ ಆ ವಾರದ ಭಾನುವಾರವೂ ಅವರು ಕೇಳಿದರು. ಆಗ ಗೊತ್ತಿತ್ತು. "ಸ್ವಲ್ಪ ಜಾಸ್ತಿಯಾಗಿದೆ ಅಪ್ಪ" ಅಂದೆ.

ಈಗ ಕೇಳಿದರೆ ನಿಜವಾದ ಅಂಕಿಯನ್ನೇ ಹೇಳುತ್ತೇನೆ. ಆ 960ರ ಕತೆಯನ್ನು ಮಾತ್ರ ಇವತ್ತಿಗೂ ಹೇಳಿಲ್ಲ. ಹೋದ ಸಲ ಊರಿಗೆ ಹೋದಾಗಲೂ, ಬಂದ ನೆಂಟರ ಮುಂದೆ ಅಪ್ಪ ಅದನ್ನೇ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ.